ತಿರುಗುವ ಕೈಮರ

ಧಾರವಾಡದ ಬಸ್ ನಿಲ್ದಾಣದಲ್ಲಿ ಉಪ್ಪಿನಬೆಟಗೇರಿಯ ಬಸ್ಸಿಗಾಗಿ ಕಾದು ನಿಂತವರಿಗೆ ಒಂದು ತಗಡಿನ ಫಲಕದ ಗುರುತು ಇದ್ದೇ ಇರಬೇಕು. ಚಾಲಕನ ಮುಂದಿನ ಗಾಜಿಗೆ ಅದನ್ನು ಒಳಗಿನಿಂದ ಆನಿಸಿ ಇಟ್ಟಿರುತ್ತಿದ್ದರು. ಒಂದು ಮಗ್ಗುಲಿಗೆ ‘ಉಪ್ಪಿನಬೆಟಗೇರಿ’, ಇನ್ನೊಂದು ಮಗ್ಗುಲಿಗೆ ‘ಧಾರವಾಡ’. ಬಸ್ಸು ಊರು ಮುಟ್ಟಿ, ಜನ ಇಳಿದು, ಮಾಳಿಗೆಯ ಮೇಲಿನ ಚೀಲಗಳು ಇಳಿದ ಮೇಲೆ, ಕಂಡಕ್ಟರನು ಕೈ ಚಾಚಿ ಆ ತಗಡನ್ನು ತಿರುವಿ ಇಡುವನು. ಅಷ್ಟರಿಂದಲೇ ಬಂದ ಬಸ್ಸು ಹೋಗುವ ಬಸ್ಸಾಗುವದು. ಕಾದು ನಿಂತವರು ಎದ್ದು ಬಾಗಿಲಿಗೆ ಮುಗಿಬೀಳುವರು. ಯಂತ್ರವಿಲ್ಲ, ದೀಪವಿಲ್ಲ, ಒಂದು ಅಂಗೈ ಅಗಲದ ಕೆಲಸ. ಆದರೂ ಅದನ್ನು ನಂಬಿಯೇ ನೂರಾರು ಜನ ದಿನಾಲು ಮನೆ ಸೇರುತ್ತಿದ್ದರು.

ಈ ಊರಿನ ಹೆಸರಿನಲ್ಲಿಯೂ ದಾರಿಹೋಕನಿಗೆ ಉಪಕಾರವಾಗುವ ಒಂದು ಗುರುತು ಉಂಟು. ನಮ್ಮ ಕಡೆಗೆ ಬೆಟಗೇರಿಗಳು ಒಂದೇ ಅಲ್ಲ. ಗದಗಿಗೆ ಹೊಂದಿಕೊಂಡ ಬೆಟಗೇರಿ ಒಂದು. ಗೋಕಾಕ ತಾಲೂಕಿನಲ್ಲಿ, ಕವಿ ಆನಂದಕಂದರ ಹುಟ್ಟೂರಾದ ಬೆಟಗೇರಿ ಇನ್ನೊಂದು. ಧಾರವಾಡದಿಂದ ಉತ್ತರಕ್ಕೆ ಸುಮಾರು ೨೦ ಕಿಲೋಮೀಟರು ದೂರದಲ್ಲಿರುವ ಇದು ಮತ್ತೊಂದು. ಹಿಂದೆ ಸೇರಿದ ‘ಉಪ್ಪಿನ’ ಎಂಬ ಮಾತು ಇದನ್ನು ಉಳಿದವುಗಳಿಂದ ಬೇರ್ಪಡಿಸುವದು. ದಾರಿಯ ಫಲಕ ಮಾಡುವ ಕೆಲಸವನ್ನೇ ಇಲ್ಲಿ ಊರಿನ ಹೆಸರು ಮಾಡಿದೆ. ಕೇಳಿದವನು ತಪ್ಪು ಬೆಟಗೇರಿಗೆ ಹೋಗಿ ನಿಲ್ಲಬಾರದು, ಅಷ್ಟೆ.

ಆದರೆ ಹೆಸರು ಸ್ಥಿರವಾದದ್ದು, ತಗಡು ತಿರುಗುವಂಥದು. ಈ ಎರಡರ ನಡುವಿನ ಅಂತರವು ನನಗೆ ಮೊದಲು ತಿಳಿದದ್ದು ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ, ವಿದ್ಯಾರ್ಥಿಯಾಗಿದ್ದಾಗ. ಒಂದು ಸಂಜೆ ನಿಲ್ದಾಣದಲ್ಲಿ ನಿಂತಿದ್ದೆ. ಕೈಯಲ್ಲಿ ಔಷಧದ ಸೀಸೆ ಹಿಡಿದ ವೃದ್ಧರೊಬ್ಬರು ಹತ್ತಿರ ಬಂದು ಕೇಳಿದರು: “ತಮ್ಮಾ, ಆ ಬಸ್ಸಿನ ಬೋರ್ಡಿನ್ಯಾಗ ಏನ್ ಬರದೈತಿ, ನೋಡಿ ಹೇಳಪಾ.” ನಾನು ಓದಿ, “ಉಪ್ಪಿನಬೆಟಗೇರಿ ಅಂತ ಐತ್ರಿ ಯಜ್ಜಾ,” ಎಂದೆ. ಅವರು ಹತ್ತಿದರು, ಬಸ್ಸು ಹೊರಟಿತು. ರಾತ್ರಿ ಒಂಬತ್ತಕ್ಕೆ ಅದೇ ದಾರಿಯಿಂದ ಮರಳುವಾಗ ನೋಡುತ್ತೇನೆ—ಅವರು ನಿಲ್ದಾಣದ ಗೋಡೆಗೆ ಒರಗಿ ಕುಳಿತಿದ್ದಾರೆ. ಸೀಸೆ ತೊಡೆಯ ಮೇಲಿದೆ. ಆ ಬಸ್ಸು ಬೆಟಗೇರಿಯಿಂದ ಬಂದದ್ದು ನಿಜ. ಆದರೆ ಬೇರೆ ಊರಿನ ಪಾಳಿಗೆ ಹೊರಟಿತ್ತು. ತಗಡನ್ನು ಯಾರೂ ಬದಲಿಸಿರಲಿಲ್ಲ. ಗದ್ದಲದಲ್ಲಿ ಟಿಕೀಟಿನ ವೇಳೆಗೆ ಮಾತು ತಿಳಿಯುವಷ್ಟರಲ್ಲಿ ಬಸ್ಸು ಊರು ದಾಟಿತ್ತು. ಅವರು ನಡೆದು ಬರುವದರೊಳಗೆ ಬೆಟಗೇರಿಯ ಕಡೆಯ ಬಸ್ಸು ಹೋಗಿಬಿಟ್ಟಿತ್ತು. ನಾನು ನಾಚಿ ನಿಂತಾಗ ಅವರೇ ಸಮಾಧಾನ ಹೇಳಿದರು: “ನೀ ಓದಿದ್ದು ಖರೇನ ಐತಪಾ. ಬೋರ್ಡು ತಿರುವಿದ್ದಿಲ್ಲ, ಅಷ್ಟ.”

ಆ ಮಾತನ್ನು ನಾನು ಮರೆತಿಲ್ಲ. ತಗಡು ಹೇಳಿದ್ದು ಸುಳ್ಳಲ್ಲ. ಹಿಂದಿನ ಪಾಳಿಯ ಸತ್ಯ. ಹಳಸಿದ ಅನ್ನವೂ ಒಂದು ಕಾಲಕ್ಕೆ ಅನ್ನವೇ ಆಗಿತ್ತಲ್ಲವೇ? ಇಂದು ಹೆದ್ದಾರಿಗಳ ಮೇಲೆ, ಪಟ್ಟಣದ ಚೌಕಗಳಲ್ಲಿ, ಮಾತು ಬದಲಿಸುವ ದೊಡ್ಡ ದೊಡ್ಡ ಫಲಕಗಳು ನಿಲ್ಲುತ್ತಿರುವಾಗ, ಅವುಗಳ ಪೂರ್ವಚರಿತ್ರೆಯನ್ನು ಸ್ವಲ್ಪ ತಿರುವಿ ನೋಡುವದು ಅಪ್ರಸ್ತುತವಾಗಲಾರದೆಂದು ಈ ಬರಹ.

ಕನ್ನಡದಲ್ಲಿ ದಾರಿ ತೋರಿಸುವ ಕಂಬಕ್ಕೆ ‘ಕೈಮರ’ ಎಂಬ ಚೆಲುವಾದ ಹೆಸರಿದೆ. ಕವಲು ಒಡೆಯುವಲ್ಲಿ ಒಂದು ಕಂಬ ನೆಟ್ಟು, ಅದಕ್ಕೆ ಅಡ್ಡಲಾಗಿ ಹಲಗೆ ಹೊಡೆದರೆ ಅದು ಕೈ ಚಾಚಿ ನಿಂತ ಮನುಷ್ಯನಂತೆಯೇ ಕಾಣುವದು. ಚಿಕ್ಕಮಗಳೂರಿನಿಂದ ಗಿರಿಯ ಕಡೆಗೆ ಹೋಗುವ ದಾರಿಯಲ್ಲಿ ಕೈಮರವೆಂಬ ಸ್ಥಳವೇ ಇದೆ. ದಕ್ಷಿಣ ಕನ್ನಡದಲ್ಲಿ ‘ಕೈಕಂಬ’ಗಳು ಒಂದಕ್ಕಿಂತ ಹೆಚ್ಚು. ಕಂಬ ಹೋದರೂ ಹೆಸರು ಉಳಿಯಿತು. ಇನ್ನೂ ಹಿಂದಕ್ಕೆ ಹೋದರೆ, ಹಳಗನ್ನಡದಲ್ಲಿ ದಾರಿಗೆ ‘ಬಟ್ಟೆ’ ಎಂದು ಹೆಸರು. ದಾನಶಾಸನಗಳಲ್ಲಿ ಹೊಲದ ಎಲ್ಲೆಯನ್ನು ಹೇಳುವಾಗ ‘ಹೆಬ್ಬಟ್ಟೆ’, ಅಂದರೆ ಹೆದ್ದಾರಿ, ಆಗಾಗ ಬರುವದು. ಎಲ್ಲೆಗೆ ಕಲ್ಲು ನೆಡುತ್ತಿದ್ದರು. ಕಲ್ಲಿಗೆ ಬದಲಾಗುವ ಗುಣವಿಲ್ಲ. ಬದಲಾಗದಿರುವದೇ ಅದರ ಯೋಗ್ಯತೆ. ಬ್ರಿಟಿಷರ ಕಾಲದ ಮೈಲುಗಲ್ಲೂ ಅದೇ ಜಾತಿಯದು. ‘ಧಾರವಾಡ ೫ ಮೈಲು’ ಎಂದು ಕೊರೆದರೆ ಮಳೆಗಾಲಕ್ಕೂ ಅದೇ, ಬೇಸಿಗೆಗೂ ಅದೇ. ದಾರಿಯು ಏನು ಎಂಬುದನ್ನು ಕಲ್ಲು ಹೇಳಬಲ್ಲದು. ದಾರಿಯು ಈಗ ಹೇಗಿದೆ ಎಂಬುದನ್ನು ಹೇಳಲಾರದು.

‘ಈಗ’ ಎಂಬ ಮಾತು ಫಲಕಕ್ಕೆ ಬೇಕಾದದ್ದು ರೈಲು ಬಂದ ಮೇಲೆ. ಎತ್ತಿನ ಗಾಡಿಯವನು ಎದುರಿನಿಂದ ಬರುವ ಗಾಡಿಯನ್ನು ಕಂಡು ಬದಿಗೆ ಸರಿಯಬಲ್ಲ. ಹಳಿಯ ಮೇಲಿನ ಬಂಡಿಗೆ ಸರಿಯುವ ಬದಿಯಿಲ್ಲ. ಕಂಡ ಮೇಲೆ ನಿಲ್ಲಿಸುವೆನೆಂದರೆ ನಿಲ್ಲುವ ವೇಗವೂ ಅದಲ್ಲ. ಆದ್ದರಿಂದ ಮುಂದಿನ ಸ್ಥಿತಿಯನ್ನು ದೂರದಿಂದಲೇ ತಿಳಿಸುವ, ಗಳಿಗೆಗೊಮ್ಮೆ ಬದಲಾಗುವ ಗುರುತು ಅವಶ್ಯವಾಯಿತು. ಇಂಗ್ಲಂಡದ ಗ್ರೇಟ್ ವೆಸ್ಟರ್ನ್ ರೈಲ್ವೆಯವರು ೧೮೪೦ರ ಸುಮಾರಿಗೆ ಎತ್ತರದ ಕಂಬಗಳ ಮೇಲೆ ಒಂದು ವಿಚಿತ್ರವಾದ ಸಾಧನವನ್ನು ನಿಲ್ಲಿಸಿದರು. ಒಂದು ದುಂಡು ಬಿಲ್ಲೆ, ಒಂದು ಅಡ್ಡಪಟ್ಟಿ. ಎರಡನ್ನೂ ಒಂದೇ ಕಂಬಕ್ಕೆ, ಆದರೆ ಒಂದಕ್ಕೊಂದು ಕಾಟಕೋನದಲ್ಲಿ ಕೂಡಿಸಿದ್ದರು. ಬಿಲ್ಲೆ ಎದುರಿಗೆ ಬಂದಾಗ ಪಟ್ಟಿಯ ಅಂಚಷ್ಟೇ ಕಾಣುವದು; ಆಗ ಗಾಡಿ ಹೋಗಬಹುದು. ಕಂಬವನ್ನು ಕಾಲು ಸುತ್ತು ತಿರುವಿದರೆ ಪಟ್ಟಿ ಎದುರಾಗಿ ಬಿಲ್ಲೆ ಮರೆಯಾಗುವದು, ಆಗ ನಿಲ್ಲಬೇಕು.

ಈ ತಿರುಗುವಿಕೆಯಲ್ಲಿ ಒಂದು ಸೂಕ್ಷ್ಮವಿದೆ. ಬಿಲ್ಲೆ ಮತ್ತು ಪಟ್ಟಿ ಒಂದೇ ಕಂಬದ ಮಕ್ಕಳಾದ್ದರಿಂದ, ‘ಹೋಗು’ ‘ನಿಲ್ಲು’ ಎಂಬ ಎರಡು ಆಜ್ಞೆಗಳು ಒಟ್ಟಿಗೆ ಹೊರಡುವದು ಸಾಧ್ಯವೇ ಇಲ್ಲ. ನಮ್ಮ ಬಸ್ಸಿನ ತಗಡಿಗೂ ಇದೇ ಗುಣ. ಹೊರಗೆ ನಿಂತವನಿಗೆ ಅದು ಎರಡೂರುಗಳ ಹೆಸರನ್ನು ಏಕಕಾಲಕ್ಕೆ ತೋರಿಸಲಾರದು. ತಿರುಗುಫಲಕವು ಎರಡು ನಾಲಗೆಯದಲ್ಲ, ಒಂದೇ ನಾಲಗೆಯದು. ತಪ್ಪಿದರೆ ಹಳೆಯ ಮಾತನ್ನು ಹೇಳೀತು; ಒಂದೇ ಉಸಿರಿನಲ್ಲಿ ಎರಡು ಮಾತನ್ನು ಹೇಳಲಾರದು.

ನಮ್ಮ ಸೀಮೆಗೆ ರೈಲು ಬಂದದ್ದು ೧೮೮೦ರ ದಶಕದಲ್ಲಿ, ಸದರ್ನ್ ಮರಾಠಾ ರೈಲ್ವೆ ಕಂಪನಿಯ ಮೂಲಕ. ಹುಬ್ಬಳ್ಳಿ ಅದರ ದೊಡ್ಡ ಠಾಣೆಯಾಯಿತು. ಆ ವೇಳೆಗೆ ಮೇಲಕ್ಕೆ ಕೆಳಕ್ಕೆ ಆಡುವ ತೋಳಿನ ಸಿಗ್ನಲುಗಳು ರೂಢಿಗೆ ಬಂದಿದ್ದವು. ನಮ್ಮ ಜನ ಅವನ್ನು ನೋಡಿ ಹೊಸ ಹೆಸರು ಹುಡುಕಲು ಹೋಗಲಿಲ್ಲ. ‘ಕೈಮರ’ ಎಂದೇ ಕರೆದರು. ಕವಲು ದಾರಿಯಲ್ಲಿ ಸುಮ್ಮನೆ ಕೈ ಚಾಚಿ ನಿಂತಿದ್ದ ಮರ ಈಗ ಕೈ ಆಡಿಸಲು ಕಲಿಯಿತು. ತಿರುಗುವ ಗುರುತೂ ರೈಲಿನಿಂದ ಮಾಯವಾಗಲಿಲ್ಲ. ಹಳೆಯ ಯಾರ್ಡುಗಳಲ್ಲಿ ಹಳಿಯ ಕವಲಿನ ಬದಿಗೆ ಕುಳ್ಳಾದ ದೀಪದ ಪೆಟ್ಟಿಗೆಯನ್ನು ಕಂಡವರಿರಬಹುದು. ಹಳಿ ನೇರವಾಗಿ ಜೋಡಿಸಿದ್ದರೆ ಬಿಳಿಯ ಬಿಲ್ಲೆ ಕಾಣುವದು. ಕವಲಿಗೆ ತಿರುವಿದೊಡನೆ ಪೆಟ್ಟಿಗೆಯೂ ಹಳಿಯೊಡನೆ ತಿರುಗಿ, ರಾತ್ರಿಯಾದರೆ ಹಸಿರು ಬೆಳಕನ್ನು ತೋರುವದು. ಹಳಿಗೂ ಗುರುತಿಗೂ ಒಂದೇ ಸರಳಿನ ಸಂಬಂಧ. ಇದಕ್ಕಿಂತ ಪ್ರಾಮಾಣಿಕವಾದ ಫಲಕವನ್ನು ನಾನು ಕಾಣೆ. ಏಕೆಂದರೆ ಇಲ್ಲಿ ಹೇಳುವ ವಸ್ತು, ಹೇಳಿಸಿಕೊಳ್ಳುವ ವಸ್ತು ಎರಡೂ ಒಟ್ಟಿಗೆ ತಿರುಗುವವು.

ರಸ್ತೆಗೆ ಈ ವಿದ್ಯೆ ಬಂದದ್ದು ರೈಲಿನಿಂದಲೇ. ೧೮೬೮ನೆಯ ಡಿಸೆಂಬರದಲ್ಲಿ ಲಂಡನ್ನಿನ ಪಾರ್ಲಿಮೆಂಟಿನ ಹತ್ತಿರ ಜೆ. ಪಿ. ನೈಟ್ ಎಂಬ ರೈಲ್ವೆಯ ಅನುಭವಿಯ ಸಲಹೆಯಂತೆ ತೋಳುಗಳುಳ್ಳ, ರಾತ್ರಿಗೆ ಗ್ಯಾಸಿನ ದೀಪವುಳ್ಳ ಕಂಬ ನಿಂತಿತು. ಕೆಲವೇ ವಾರಗಳಲ್ಲಿ, ಮರುವರ್ಷದ ಆರಂಭಕ್ಕೆ, ಗ್ಯಾಸು ಸಿಡಿದು ಅದನ್ನು ನಡೆಸುತ್ತಿದ್ದ ಪೊಲೀಸನು ಗಾಯಗೊಂಡನು. ಪ್ರಯೋಗವೂ ಅಲ್ಲಿಗೆ ನಿಂತಿತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಮೇರಿಕೆಯ ಪಟ್ಟಣಗಳಲ್ಲಿ ಪೊಲೀಸರು ಚೌಕದ ನಡುವೆ ನಿಂತು, ಕಂಬಕ್ಕೆ ಕೂಡಿಸಿದ ‘ನಿಲ್ಲು’–‘ಹೋಗು’ ಎಂಬ ಹಲಗೆಗಳನ್ನು ಕೈಯಿಂದ ತಿರುಗಿಸುತ್ತಿದ್ದರು. ೧೯೧೪ರಲ್ಲಿ ಕ್ಲೀವ್‌ಲ್ಯಾಂಡ್ ಪಟ್ಟಣದಲ್ಲಿ ವಿದ್ಯುದ್ದೀಪದ ಸಿಗ್ನಲು ಬಂದಿತು. ೧೯೨೦ರಲ್ಲಿ ಡೆಟ್ರಾಯಿಟಿನಲ್ಲಿ ಮೂರು ಬಣ್ಣದ, ನಾಲ್ಕು ಮುಖದ ದೀಪ ನಿಂತಿತು. ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ಚಾರ್ಲ್ಸ್ ಮಾರ್ಶಲ್ ಎಂಬವರು ೧೯೩೬ರಲ್ಲಿ ಗಡಿಯಾರದಂತಹ ಸಿಗ್ನಲನ್ನು ರಚಿಸಿದರು. ಬಿಲ್ಲೆಯ ಒಂದು ಭಾಗ ಕೆಂಪು, ಒಂದು ಭಾಗ ಹಸಿರು. ಅದರ ಮೇಲೆ ಮುಳ್ಳು ತಿರುಗುವದು. ‘ನಿಲ್ಲು’ ಎಂಬುದರೊಡನೆ ‘ಇನ್ನು ಎಷ್ಟು ಹೊತ್ತು’ ಎಂಬುದನ್ನೂ ಅದು ತಿಳಿಸುತ್ತಿತ್ತು. ಇಂದು ನಮ್ಮ ಚೌಕಗಳಲ್ಲಿ ಕೆಂಪು ದೀಪದ ಬಗಲಿಗೆ ಇಳಿಯುತ್ತ ಬರುವ ಅಂಕಿಗಳನ್ನು ನೋಡಿದಾಗ ಆ ಮುಳ್ಳಿನ ನೆನಪಾಗುವದು.

ಭಾರತದಲ್ಲಿ ರಸ್ತೆಯ ವಿಚಾರಕ್ಕೆ ಒಂದು ವ್ಯವಸ್ಥೆ ಬಂದದ್ದು ಎಂ. ಆರ್. ಜಯಕರರ ಸಮಿತಿಯಿಂದ. ೧೯೨೭ರಲ್ಲಿ ನೇಮಕವಾದ ಆ ಸಮಿತಿಯ ಸೂಚನೆಗಳ ಫಲವಾಗಿ ೧೯೩೪ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹುಟ್ಟಿತು. ೧೯೩೯ರಲ್ಲಿ ಮೋಟಾರು ವಾಹನಗಳ ಕಾಯಿದೆ ಬಂದಿತು. ರಸ್ತೆಯ ಗುರುತುಗಳು ಎಲ್ಲ ದೇಶಗಳಲ್ಲಿಯೂ ಒಂದೇ ಬಗೆಯಾಗಿರಬೇಕೆಂಬ ಒಪ್ಪಂದ ೧೯೬೮ರಲ್ಲಿ ವಿಯೆನ್ನಾದಲ್ಲಿ ಆಯಿತು. ಭಾರತವು ೧೯೮೦ರಲ್ಲಿ ಅದಕ್ಕೆ ಸೇರಿತು. ಆ ನಡುವೆ, ೧೯೭೭ರಲ್ಲಿ, ರೋಡ್ಸ್ ಕಾಂಗ್ರೆಸ್ಸಿನವರು ರಸ್ತೆ ಫಲಕಗಳ ನಿಯಮಸಂಹಿತೆಯನ್ನು ಹೊರಡಿಸಿದರು. ಕೆಂಪು ಅಂಚಿನ ತ್ರಿಕೋನವೆಂದರೆ ಎಚ್ಚರಿಕೆ, ಕೆಂಪು ಅಂಚಿನ ವೃತ್ತವೆಂದರೆ ನಿಷೇಧ ಎಂಬುದು ಹೀಗೆ ಊರೂರಿಗೆ ತಲುಪಿತು. ಇವೆಲ್ಲ ಮೈಲುಗಲ್ಲಿನ ವಂಶದ ಫಲಕಗಳೇ. ತಿರುವು ಇದ್ದಲ್ಲಿ ತಿರುವೆಂದು ಹೇಳುವವು. ಆ ತಿರುವು ನಾಳೆಯೂ ಅಲ್ಲಿಯೇ ಇರುವದು.

ಆದರೆ ರಸ್ತೆಯ ಮೇಲಿನ ಅಪಾಯಗಳಲ್ಲಿ ಅರ್ಧಕ್ಕರ್ಧ ಅಲೆಮಾರಿಗಳು. ನಮ್ಮ ಸೀಮೆಯ ಮಾತನ್ನೇ ತೆಗೆದುಕೊಳ್ಳೋಣ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಲ್ಲಿ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿಗಳೂ ಟ್ರ್ಯಾಕ್ಟರುಗಳೂ ದಾರಿ ತುಂಬ ಇರುವವು. ನಾಲ್ಕು ದಿನ ಕಳೆದರೆ ದಾರಿ ಬರಿದು. ಕಬ್ಬಿನ ಹಂಗಾಮಿನಲ್ಲಿ ಹಿಂದೆ ಕೆಂಪು ದೀಪವಿಲ್ಲದ ಟ್ರೇಲರುಗಳು ಕತ್ತಲೆಯಲ್ಲಿ ಗುಡ್ಡದಂತೆ ನಿಂತಿರುವವು. ಸುಗ್ಗಿಯಲ್ಲಿ ಅರ್ಧ ರಸ್ತೆಯೇ ಕಣವಾಗುವದು. ಮಳೆಗಾಲಕ್ಕೆ ಎರೆನೆಲದ ಮೇಲಿನ ರಸ್ತೆ ಕುಸಿಯುವದು. ಧಾರವಾಡದ ಮುಂಜಾವಿನ ಮಂಜು ಎಂಟು ಗಂಟೆಗೆ ಕರಗುವದು. ಇವುಗಳಿಗೆ ಸ್ಥಿರಫಲಕ ನೆಟ್ಟರೆ ವರ್ಷದ ಮುಕ್ಕಾಲು ಪಾಲು ಅದು ಸುಳ್ಳನ್ನೇ ಹೇಳುತ್ತ ನಿಲ್ಲಬೇಕಾಗುವದು. ಸುಳ್ಳು ಹೇಳುವ ಫಲಕವನ್ನು ಜನ ಓದುವದನ್ನೇ ಬಿಡುವರು. ನಿಜ ಹೇಳುವ ದಿನವೂ ಅದು ಅವರ ಕಣ್ಣಿಗೆ ಬೀಳುವದಿಲ್ಲ.

ಈ ತೊಡಕನ್ನು ಬೇರೆ ದೇಶದವರು ಮೊದಲೇ ಕಂಡಿದ್ದರು. ಅಮೇರಿಕೆಯಲ್ಲಿ ೧೯೫೧ರಲ್ಲಿ ತೆರೆದ ನ್ಯೂ ಜೆರ್ಸಿಯ ಹೆದ್ದಾರಿಯಲ್ಲಿ, ಮಂಜು ಕವಿದಾಗ ಅಥವಾ ಅಪಘಾತವಾದಾಗ ಮಾತ್ರ ಬೆಳಗುವ ನಿಯಾನ್ ಅಕ್ಷರದ ಫಲಕಗಳನ್ನು ಹಾಕಿದರು. ಯುರೋಪಿನಲ್ಲಿ ಮುಮ್ಮುಖದ ತಿರುಗುಫಲಕವು ಬಳಕೆಗೆ ಬಂದಿತು. ಅದರ ರಚನೆ ಬಲು ಸರಳ. ಮೂರು ಮುಖದ ಉದ್ದನೆಯ ಪಟ್ಟಿಗಳನ್ನು ಒಂದು ಚೌಕಟ್ಟಿನಲ್ಲಿ ಒತ್ತೊತ್ತಾಗಿ ಜೋಡಿಸುವರು. ಎಲ್ಲ ಪಟ್ಟಿಗಳ ಮೊದಲನೆಯ ಮುಖಗಳು ಕೂಡಿ ಒಂದು ಬರಹ. ಎರಡನೆಯ ಮುಖಗಳು ಕೂಡಿ ಇನ್ನೊಂದು. ಮೂರನೆಯವು ಮತ್ತೊಂದು, ಇಲ್ಲವೆ ಬರಿದು. ಒಳಗಿನ ಮೋಟಾರು ಎಲ್ಲವನ್ನೂ ಒಮ್ಮೆಗೇ ೧೨೦ ಅಂಶದಷ್ಟು ತಿರುವುವದು. ದೊಡ್ಡ ಪಟ್ಟಣಗಳ ಚೌಕಗಳಲ್ಲಿ ಸೀರೆಯ ಜಾಹೀರಾತು ಕ್ಷಣಾರ್ಧದಲ್ಲಿ ಸಿಮೆಂಟಿನ ಜಾಹೀರಾತಾಗಿ ಹೊರಳಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದೇ ಯುಕ್ತಿ, ಮಾರುವ ಬದಲು ಎಚ್ಚರಿಸುವ ಕೆಲಸಕ್ಕೆ ನಿಂತದ್ದು.

ಇದರ ಗುಣಗಳು ಕೆಲವು: ಬಣ್ಣದಿಂದ ಬರೆದದ್ದಾದ್ದರಿಂದ ಉರಿಬಿಸಿಲಿನಲ್ಲಿಯೂ ಚೆನ್ನಾಗಿ ಕಾಣುವದು, ರಾತ್ರಿಯಲ್ಲಿ ಬರುವ ವಾಹನದ ದೀಪಕ್ಕೇ ಹೊಳೆಯುವಂತೆ ಮಾಡಬಹುದು, ತಿರುಗುವಾಗಷ್ಟೇ ವಿದ್ಯುತ್ತು ಬೇಕು, ನಿಂತು ಹೇಳುವದಕ್ಕೆ ಬೇಡ. ದೋಷಗಳೂ ಇವೆ. ಮೂರಕ್ಕಿಂತ ಹೆಚ್ಚು ಮಾತು ಅದಕ್ಕೆ ಬಾರದು. ಧೂಳು ತುಂಬಿದರೆ ಪಟ್ಟಿಗಳು ಅರ್ಧಕ್ಕೇ ಸಿಕ್ಕಿಕೊಂಡು ಎರಡು ಬರಹಗಳು ಕಲಸುಮೇಲೋಗರವಾಗುವವು. ವಿದ್ಯುತ್ತು ಹೋದರೆ ಕಡೆಯ ಮಾತನ್ನೇ ಹಿಡಿದು ನಿಲ್ಲುವದು—ತಿರುವದೆ ಇಟ್ಟ ನಮ್ಮ ಬಸ್ಸಿನ ತಗಡಿನಂತೆ.

ಮಾತಿನ ಬಡತನವನ್ನು ನೀಗಲು ಮುಂದೆ ಬಂದದ್ದು ಚುಕ್ಕಿಗಳ ಉಪಾಯ. ೧೯೬೦ರ ದಶಕದ ಆರಂಭಕ್ಕೆ ಕೆನಡಾದಲ್ಲಿ ಒಂದು ಫಲಕ ಸಿದ್ಧವಾಯಿತು. ಅದರ ಒಂದೊಂದು ಚುಕ್ಕಿಯೂ ಒಂದು ಪುಟ್ಟ ಬಿಲ್ಲೆ. ಒಂದು ಮುಖ ಕಪ್ಪು, ಇನ್ನೊಂದು ಹಳದಿ. ವಿದ್ಯುತ್ತಿನ ಒಂದು ಮಿಡಿತಕ್ಕೆ ಬಿಲ್ಲೆ ಹೊರಳುವದು. ಹೊರಳಿದ ಬಿಲ್ಲೆಗಳು ಕೂಡಿ ಅಕ್ಷರವಾಗುವವು. ಗ್ರೇಟ್ ವೆಸ್ಟರ್ನಿನವರ ಬಿಲ್ಲೆ ಚಿಕ್ಕದಾಗಿ, ಸಾವಿರವಾಗಿ ಮತ್ತೆ ಹುಟ್ಟಿದಂತಾಯಿತು. ಆಮೇಲೆ ಬೆಳಕಿನ ಚುಕ್ಕಿಗಳು ಬಂದವು. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿ ೧೯೬೨ರದು. ಪ್ರಖರವಾದ ನೀಲಿ ೧೯೯೦ರ ದಶಕದಲ್ಲಿ ಜಪಾನಿನಲ್ಲಿ ಸಾಧ್ಯವಾಗಿ, ಅದನ್ನು ಸಾಧಿಸಿದವರಿಗೆ ೨೦೧೪ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಈಗ ಫಲಕದಲ್ಲಿ ತಿರುಗುವದೇನೂ ಉಳಿಯಲಿಲ್ಲ; ಮಾತಿಗೆ ಮಿತಿಯೂ ಉಳಿಯಲಿಲ್ಲ. ನಮ್ಮಲ್ಲಿ ೨೦೦೬ರಲ್ಲಿ ಬೆಂಗಳೂರಿನ ಸಂಚಾರ ಸುಧಾರಣೆಗೆ ಕೈಗೊಂಡ ‘ಬಿ-ಟ್ರ್ಯಾಕ್’ ಯೋಜನೆಯಲ್ಲಿ ಇಂತಹ ಫಲಕಗಳಿಗೂ ಸ್ಥಾನ ದೊರೆಯಿತು. ೨೦೧೦ರಲ್ಲಿ ರೋಡ್ಸ್ ಕಾಂಗ್ರೆಸ್ಸಿನವರು ಬದಲಾಗುವ ಸಂದೇಶದ ಫಲಕಗಳಿಗೆಂದೇ ಬೇರೆ ಮಾರ್ಗದರ್ಶಿಯನ್ನು ಪ್ರಕಟಿಸಿದರು. ನಮ್ಮ ಹುಬ್ಬಳ್ಳಿ–ಧಾರವಾಡದ ನಡುವೆ ೨೦೧೮ರಲ್ಲಿ ಓಡತೊಡಗಿದ ‘ಚಿಗರಿ’ ಬಸ್ಸುಗಳ ಹಣೆಯ ಮೇಲೂ ತಗಡಿನ ಬದಲು ಬೆಳಕಿನ ಅಕ್ಷರಗಳೇ ಬಂದವು.

ಕನ್ನಡದ ಮೇಷ್ಟ್ರಾದ ನಾನು ಇಲ್ಲಿ ಒಂದು ಗಳಿಗೆ ನಿಲ್ಲಲೇಬೇಕು. ಚುಕ್ಕಿಯ ಫಲಕ ಹುಟ್ಟಿದ್ದು ರೋಮನ್ ಅಕ್ಷರಕ್ಕಾಗಿ. ಏಳು ಸಾಲು ಚುಕ್ಕಿಗಳಿದ್ದರೆ ಆ ಲಿಪಿಯ ದೊಡ್ಡಕ್ಷರಗಳೆಲ್ಲ ಮೂಡುವವು. ಕನ್ನಡಕ್ಕೆ ಅಷ್ಟು ಸಾಲದು. ತಲೆಕಟ್ಟಿನ ಮೇಲೆ ಗುಡಿಸು, ಅಡಿಗೆ ಒತ್ತಕ್ಷರ, ಬಲಕ್ಕೆ ದೀರ್ಘ—ನಮ್ಮ ಅಕ್ಷರ ಮೂರು ಅಂತಸ್ತಿನ ಮನೆ. ಅದನ್ನು ಏಳು ಸಾಲಿನಲ್ಲಿ ತುರುಕಿದರೆ ‘ಹುಬ್ಬಳ್ಳಿ’ಯ ಒತ್ತುಗಳೇ ಹಾರಿಹೋಗಿ ಊರು ಗುರುತು ಸಿಗದಂತಾಗುವದು. ಕಡಿಮೆಯೆಂದರೆ ಅದರ ಎರಡು ಪಟ್ಟು ಸಾಲುಗಳು ಬೇಕು. ತಗಡಿನ ಮೇಲೆ ಕುಂಚದಿಂದ ಬರೆಯುವ ಪೇಂಟರನಿಗೆ ಈ ಕಷ್ಟವಿರಲಿಲ್ಲ. ಅವನ ಕೈಯಲ್ಲಿ ಎಲ್ಲ ಲಿಪಿಯೂ ಸಮಾನ. ಹೊಸ ಯಂತ್ರ ಬಂದಾಗಲೆಲ್ಲ ನಮ್ಮ ಲಿಪಿ ಸರದಿಯ ಕೊನೆಗೆ ನಿಂತು, ‘ನನಗೂ ಜಾಗ ಕೊಡಿ’ ಎಂದು ಕೇಳಬೇಕಾಗಿ ಬಂದಿದೆ. ಇದು ಅಭಿಮಾನದ ಮಾತಷ್ಟೇ ಅಲ್ಲ, ಜೀವದ ಮಾತು.

ಹೇಗೆಂದು ಲೆಕ್ಕ ಹಾಕಿ ನೋಡೋಣ. ಗಂಟೆಗೆ ೮೦ ಕಿಲೋಮೀಟರು ವೇಗದ ವಾಹನವು ಸೆಕೆಂಡಿಗೆ ೨೨ ಮೀಟರು ಮುಂದೆ ಹೋಗುವದು. ಫಲಕದ ಅಕ್ಷರ ೧೫೦ ಮೀಟರಿನಿಂದ ಕಾಣುವದೆಂದು ಇಟ್ಟುಕೊಂಡರೂ ಚಾಲಕನಿಗೆ ದೊರೆಯುವದು ಏಳು ಸೆಕೆಂಡಿಗೂ ಕಡಿಮೆ. ಅಷ್ಟರಲ್ಲಿಯೇ ಕನ್ನಡಿ ನೋಡಬೇಕು, ಎದುರಿನ ಲಾರಿ ನೋಡಬೇಕು, ಓದಬೇಕು, ಅರ್ಥ ಮಾಡಿಕೊಳ್ಳಬೇಕು. ‘ಮುಂಭಾಗದಲ್ಲಿ ರಸ್ತೆ ದುರಸ್ತಿ ಕಾಮಗಾರಿಯು ಪ್ರಗತಿಯಲ್ಲಿರುವುದರಿಂದ ವಾಹನ ಚಾಲಕರು ನಿಧಾನವಾಗಿ ಚಲಿಸತಕ್ಕದ್ದು’ ಎಂದು ಬರೆದರೆ ಕರ್ತೃಪದ ಕ್ರಿಯಾಪದವನ್ನು ಕೂಡುವ ಮೊದಲೇ ವಾಹನವು ಕಾಮಗಾರಿಯನ್ನು ಕೂಡುವದು. ‘ಮುಂದೆ ರಸ್ತೆ ಕೆಲಸ; ನಿಧಾನ’—ಇಷ್ಟು ಸಾಕು. ಇನ್ನು, ಒಂದೇ ಫಲಕವು ಸರದಿಯಂತೆ ಮೂರು ಭಾಷೆಗಳಿಗೆ ಹೊರಳುತ್ತಿದ್ದರೆ, ಬೈಲಹೊಂಗಲದ ಚಾಲಕನು ದಾಟುವ ಗಳಿಗೆಗೆ ಅವನಿಗೆ ಬಾರದ ಭಾಷೆಯ ಮುಖವೇ ಎದುರಾಗಬಹುದು. ಚಿತ್ರವೊಂದು, ಅದರ ಕೆಳಗೆ ನೆಲದ ಭಾಷೆಯ ಎರಡು ಮಾತು—ಇವು ಪ್ರತಿ ಮುಖದಲ್ಲಿಯೂ ಇರಬೇಕು. ಫಲಕದ ಭಾಷೆ ಗಾದೆಯ ಭಾಷೆಯಂತಿರಬೇಕು, ಕಚೇರಿಯ ಭಾಷೆಯಂತಲ್ಲ.

ಫಲಕದಿಂದ ಏನಾಗಲಾರದು ಎಂಬುದನ್ನೂ ಹೇಳದಿದ್ದರೆ ಈ ಚರಿತ್ರೆ ಅರ್ಧವಾದೀತು. ಧಾರವಾಡದ ಹತ್ತಿರದ ನರೇಂದ್ರದಿಂದ ಹುಬ್ಬಳ್ಳಿಯ ಗಬ್ಬೂರಿನವರೆಗಿನ ಬೈಪಾಸು, ಎರಡೂ ಬದಿಯ ಹೆದ್ದಾರಿ ಅಗಲವಾದ ಮೇಲೆಯೂ ಬಹುಕಾಲ ಎರಡೇ ಸಾಲಿನ ರಸ್ತೆಯಾಗಿ ಉಳಿಯಿತು. ಅಗಲವಾದ ಹೊಳೆಯನ್ನು ಕಿರಿದಾದ ಕಾಲುವೆಗೆ ತಿರುಗಿಸಿದಂತೆ. ೨೦೨೧ನೆಯ ಜನೇವರಿ ೧೫ರಂದು, ಸಂಕ್ರಮಣದ ಮರುದಿನ, ಇಟಿಗಟ್ಟಿಯ ಹತ್ತಿರ, ದಾವಣಗೆರೆಯಿಂದ ಗೋವೆಗೆ ಹೊರಟಿದ್ದ ಗೆಳತಿಯರ ವಾಹನಕ್ಕೂ ಟಿಪ್ಪರಿಗೂ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಜನ ಮಡಿದರು. ಅನಂತರ ೨೦೨೨ರಲ್ಲಿ ಈ ರಸ್ತೆಯನ್ನು ಆರು ಸಾಲಿಗೆ ಅಗಲಗೊಳಿಸುವ ಕೆಲಸಕ್ಕೆ ಅಡಿಗಲ್ಲು ಬಿದ್ದಿತು. ಆ ಮುಂಚೆ ಆ ರಸ್ತೆಯ ಅಪಾಯ ದಾರಿಹೋಕರಿಗೆ ಗೊತ್ತಿರಲಿಲ್ಲವೆಂದಲ್ಲ, ಎಲ್ಲರಿಗೂ ಗೊತ್ತಿತ್ತು. ಕಿರಿದಾದ ರಸ್ತೆಗೆ ಬೇಕಾದದ್ದು ಅಗಲ. ಎಚ್ಚರಿಕೆಯ ಮಾತು ಅದರ ಬದಲಿಯಾಗಲಾರದು. ‘ಎಚ್ಚರಿಸಿದ್ದೆವಲ್ಲ’ ಎಂದು ಹೇಳಿಕೊಳ್ಳುವ ಅನುಕೂಲಕ್ಕಾಗಿ ನಿಲ್ಲಿಸಿದ ಫಲಕವು ದಾರಿಹೋಕನ ಸೇವೆಗಾಗಿ ನಿಂತದ್ದಲ್ಲ.

ಬದಲಾಗುವ ಫಲಕದ ಬಾಳೆಲ್ಲ ಜನರ ನಂಬಿಕೆಯ ಮೇಲೆ ನಿಂತಿದೆ. ‘ತೋಳ ಬಂತು ತೋಳ’ ಎಂದು ಕೂಗಿದ ಹುಡುಗನ ಕತೆಯನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಎಷ್ಟೋ ಕಡೆಗೆ ಬೆಲೆಬಾಳುವ ಬೆಳಕಿನ ಫಲಕವು ಮುಂಜಾನೆಯಿಂದ ರಾತ್ರಿಯವರೆಗೆ ‘ಸುರಕ್ಷಿತವಾಗಿ ಚಲಿಸಿ’ ಎಂದು ಜಪಿಸುತ್ತಿರುವದನ್ನು ಕಾಣುತ್ತೇವೆ. ಮಾತು ಒಳ್ಳೆಯದೇ, ಆದರೆ ಅದಕ್ಕೆ ಒಂದು ಕಲ್ಲು ಸಾಕಾಗಿತ್ತು. ಹೇಳುವದೇನೂ ಇಲ್ಲದಾಗ ಸುಮ್ಮನಿರುವ ಫಲಕ ಬಾಯಿ ತೆರೆದಾಗ ಜನ ತಲೆಯೆತ್ತಿ ನೋಡುವರು. ಮೂರನೆಯ ಮುಖವನ್ನು ಬರಿದಾಗಿ ಬಿಡುತ್ತಿದ್ದ ಹಳೆಯ ತಿರುಗುಫಲಕದವರು ಈ ಗುಟ್ಟನ್ನು ಬಲ್ಲವರೆಂದು ತೋರುವದು.

ಕಳೆದ ಮಳೆಗಾಲದ ನಂತರ ಉಪ್ಪಿನಬೆಟಗೇರಿಯ ದಾರಿಯಲ್ಲಿ ಹೋಗುವಾಗ ಒಂದು ಕಡೆಗೆ ರಸ್ತೆ ಕೆದರಿದ್ದರು. ಒಂದೇ ಬದಿಗೆ ವಾಹನಗಳ ಓಡಾಟ. ಈ ತುದಿಗೆ ಒಬ್ಬ ಹುಡುಗ, ಆ ತುದಿಗೆ ಇನ್ನೊಬ್ಬ. ಇಬ್ಬರ ಕೈಯಲ್ಲಿಯೂ ಕೋಲಿಗೆ ಬಡಿದ ದುಂಡು ತಗಡು—ಒಂದು ಮುಖ ಕೆಂಪು, ಒಂದು ಮುಖ ಹಸಿರು. ನಡುವೆ ತಿರುವು ಇದ್ದುದರಿಂದ ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ಹಾಗಾದರೆ ಎರಡೂ ಕಡೆಗೆ ಒಮ್ಮೆಗೇ ಹಸಿರು ತಿರುಗಿದರೆ? ಬಸ್ಸು ನಿಂತಾಗ ಕಿಟಕಿಯಿಂದ ತಲೆ ಹಾಕಿ ಆ ಹುಡುಗನನ್ನೇ ಕೇಳಿದೆ. ಅವನು ನಕ್ಕು, “ಅಲ್ಲಿಂದ ಕಡೀ ಗಾಡಿಯಾಂವ ಬೇವಿನ ಟೊಂಗಿ ತಂದು ಕೊಡತಾನ್ರಿ. ಅದು ಕೈಗೆ ಬರೂತನಕ ನಾ ತಿರುವಂಗಿಲ್ರಿ ಸರ,” ಎಂದ.

ನನಗೆ ಒಮ್ಮೆಗೇ ರೈಲಿನ ನೆನಪಾಯಿತು. ಒಂಟಿ ಹಳಿಯ ಮೇಲೆ, ಸ್ಟೇಶನ್ನಿನ ಯಂತ್ರದಿಂದ ಹೊರಬಿದ್ದ ಲೋಹದ ಗುಂಡನ್ನು ದೊಡ್ಡ ಬಳೆಯ ಚೀಲದಲ್ಲಿಟ್ಟು ಚಾಲಕನ ಕೈಗೆ ಕೊಡುತ್ತಿದ್ದರು. ಆ ಗುಂಡು ಮುಂದಿನ ಸ್ಟೇಶನ್ನಿಗೆ ಸೇರುವವರೆಗೆ ಇನ್ನೊಂದು ಗುಂಡು ಯಂತ್ರದಿಂದ ಬರುವದಿಲ್ಲ. ಇನ್ನೊಂದು ಗಾಡಿ ಹೊರಡುವದಿಲ್ಲ. ಎಂಜಿನಿಯರರು ಯಂತ್ರ ಕೂಡಿಸಿ ಸಾಧಿಸಿದ್ದನ್ನು ಈ ಹುಡುಗರು ಬೇವಿನ ಟೊಂಗೆಯಿಂದ ಸಾಧಿಸಿದ್ದರು. ತಗಡು ತಿರುಗಿಸುವದು ಸುಲಭ; ತಿರುಗಿಸುವ ಮೊದಲು ಖರೆಯೇನೆಂದು ಕೈಗೆ ಬರುವವರೆಗೆ ಕಾಯುವದು ಕಷ್ಟ. ಕೈಮರದಿಂದ ಬೆಳಕಿನ ಚುಕ್ಕಿಯವರೆಗಿನ ಚರಿತ್ರೆಯಲ್ಲಿ ಮನುಷ್ಯನ ಕೈ ಹೆಜ್ಜೆ ಹೆಜ್ಜೆಗೂ ಮರೆಯಾಗುತ್ತ ಬಂದಿದೆ. ಕಂಡಕ್ಟರನ ಕೈ ನಮಗೆ ಕಾಣುತ್ತಿತ್ತು, ತಪ್ಪಿದರೆ ಕೇಳಬಹುದಿತ್ತು. ದೂರದ ಕೋಣೆಯಲ್ಲಿ ಕುಳಿತು ಗುಂಡಿ ಒತ್ತುವವನು ಕಾಣನು. ಕಾಣದ ಕೈಗೂ ಒಂದು ಬೇವಿನ ಟೊಂಗೆಯ ನಿಯಮವಿರಬೇಕೆಂಬುದಷ್ಟೇ ದಾರಿಹೋಕನ ಬೇಡಿಕೆ.

ಅಷ್ಟರಲ್ಲಿ ಎದುರಿನಿಂದ ಸಾಲು ಬಂದಿತು—ಎರಡು ಟ್ರ್ಯಾಕ್ಟರು, ಒಂದು ಲಾರಿ, ಕೆಲವು ಬೈಕು. ಕಡೆಯ ಬೈಕಿನವನು ವೇಗ ತಗ್ಗಿಸಿ, ಬಾಡಿದ ಟೊಂಗೆಯನ್ನು ಹುಡುಗನ ಕೈಗಿತ್ತು ಹೋದನು. ಹುಡುಗನು ಅದನ್ನು ಬಗಲಲ್ಲಿ ಇರುಕಿಕೊಂಡು, ಒಮ್ಮೆ ಹಿಂದೆ ನೋಡಿ, ತಗಡನ್ನು ತಿರುವಿದನು. ನಮ್ಮ ಬಸ್ಸು ಬೆಟಗೇರಿಯ ಕಡೆಗೆ ಹೊರಟಿತು.